ಅಡ್ಡಿಲ್ಲೆ ಅಂದರೆ ಏನು?

ಕಳೆದ ವರ್ಷ ಅಡಿಕೆ ಕೊಯ್ಲಿನ ದಿನಗಳಲ್ಲಿ, ಬೆಳೆಗಾರರಿಗೆ ಕಳಿಸಬೇಕಾಗಿದ್ದ ಲೆಕ್ಕದ ಪತ್ರವೊಂದನ್ನು ಬರೆದು ನಮ್ಮ ಮ್ಯಾನೇಜರರ ಮೇಜಿನ ಮೇಲಿಟ್ಟು, ಇದನ್ನು ಕಳಿಸಬಹುದೇ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಮೊದಲ ನಾಲ್ಕು ಸಾಲು ಓದಿದರು, ಬಾಯಲ್ಲಿದ್ದ ಕವಳವನ್ನು ದವಡೆಯ ಇನ್ನೊಂದು ಬದಿಗೆ ಸರಿಸಿದರು, "ಅಡ್ಡಿಲ್ಲೆ" ಎಂದರು. ನಾನು ಕಳಿಸಿದೆ. ಮೂರು ದಿನ ಕಳೆದ ಮೇಲೆ, ಯಾರನ್ನು ಕೇಳಿ ಕಳಿಸಿದೆ ಎಂದು ಎಲ್ಲರ ಎದುರಿಗೆ ಗದರಿದರು. "ನಿಮ್ಮನ್ನೇ ಕೇಳಿದ್ದೆ. ಮಂಗಳವಾರ ಹನ್ನೊಂದೂಕಾಲಿಗೆ. ನೀವು ಅಡ್ಡಿಲ್ಲೆ ಅಂದಿದ್ದಿರಿ" ಎಂದೆ. ಕೇಳಿದ ಪ್ರಶ್ನೆಗೆ ಅದಕ್ಕಿಂತ ಪೂರ್ಣವಾದ ಉತ್ತರ ನನ್ನ ಬಳಿ ಇರಲಿಲ್ಲ. ಅಲ್ಲಿದ್ದವರಿಗೆ ಅದು ಎದುರುತ್ತರವಾಗಿ ಕೇಳಿಸಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಪಕ್ಕದ ಮೇಜಿನ ಗೆಳೆಯ ಸಮಾಧಾನದ ದನಿಯಲ್ಲಿ, "ಅವರು ಅಡ್ಡಿಲ್ಲೆ ಅಂದಿದ್ದು ಅಡ್ಡಿಲ್ಲೆ ಅಂತಲ್ಲ ಮಾರಾಯಾ, ನೋಡನ ಅಂತ" ಎಂದು ತಿಳಿಸಿಕೊಟ್ಟ.

ಶಿರಸಿ ಸೀಮೆಯ ಹೊರಗಿನವರಿಗೆ ಈ ಪದದ ಕಷ್ಟ ತಿಳಿಯಲಿಕ್ಕಿಲ್ಲ. ಬಿಡಿಸಿದರೆ ಅಡ್ಡಿ ಇಲ್ಲ ಎಂದಷ್ಟೇ ಆಗುತ್ತದೆ. ಆದರೆ ಮದುವೆಮನೆಯ ಅಡುಗೆ ಹೇಗಿತ್ತು ಎಂದು ಕೇಳಿದಾಗ ಹುಬ್ಬು ಏರಿಸಿ ಹೇಳಿದ ಅಡ್ಡಿಲ್ಲೆ ದೊಡ್ಡ ಹೊಗಳಿಕೆ; ನೋಡಿ ಬಂದ ವರನ ಬಗ್ಗೆ ಕೊನೆಯ ಅಕ್ಷರ ಎಳೆದು ಹೇಳಿದ ಅಡ್ಡಿಲ್ಲೆ ಆ ಸಂಬಂಧಕ್ಕೆ ಎಳ್ಳುನೀರು. ಜ್ವರ ಬಂದು ಮಲಗಿದವನೂ ಅಡ್ಡಿಲ್ಲೆ ಎನ್ನುತ್ತಾನೆ, ಸಾಲ ಕೇಳಲು ಬಂದವನಿಗೆ ಕೊಡಲು ಮನಸ್ಸಿಲ್ಲದವನೂ ಅದನ್ನೇ ಹೇಳಿ ಬೇರೆ ಮಾತಿಗೆ ಹೊರಳುತ್ತಾನೆ. ಪದ ಒಂದೇ, ಅರ್ಥವೆಲ್ಲ ಹುಬ್ಬಿನಲ್ಲಿ, ಎಳೆತದಲ್ಲಿ, ನಡುವಿನ ಮೌನದಲ್ಲಿ ಇರುತ್ತದೆ. ನನಗೆ ಕೇಳಿಸುವುದು ಪದ ಮಾತ್ರ. ಉಳಿದದ್ದನ್ನು ನಾನು ಲೆಕ್ಕ ಹಾಕಬೇಕು, ಮತ್ತು ಲೆಕ್ಕ ಮುಗಿಯುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ.

ನನಗೆ ಆಟಿಸಂ, ಅಂದರೆ ಮಾತಾಡುವ, ಇತರರೊಡನೆ ಬೆರೆಯುವ ರೀತಿಯೇ ಹುಟ್ಟಿನಿಂದ ಬೇರೆಯಾಗಿರುವ ಸ್ಥಿತಿ, ಇದೆ ಎಂದು ಗೊತ್ತಾದದ್ದು ಮೂವತ್ತಾರನೇ ವಯಸ್ಸಿನಲ್ಲಿ, ಅದೂ ಅಳಿಯನ ದೆಸೆಯಿಂದ. ಕುಮಟೆಯಲ್ಲಿರುವ ಅಕ್ಕ ತನ್ನ ಮಗನ ತಪಾಸಣೆಗೆ ಹೋದಾಗ ಅವನ ಬಾಲ್ಯದ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ, ಇವನ ಮಾವನೂ ಹೀಗೆಯೇ ಇದ್ದ ಎಂದು ಉತ್ತರಿಸುತ್ತಾ ಹೋದಳಂತೆ. ಸರ್ಕಾರಿ ಕಾಗದಗಳಲ್ಲಿ ಇದಕ್ಕೆ ಸ್ವಲೀನತೆ ಎಂಬ ಪದವಿದೆ. ಗ್ರೀಕಿನಲ್ಲಿ ತಾನು ಎಂಬ ಅರ್ಥದ ಪದದಿಂದ ಆಟಿಸಂ ಹುಟ್ಟಿತು ಎಂಬುದೇನೋ ನಿಜ, ಅನುವಾದ ತಪ್ಪಿಲ್ಲ. ಆದರೂ ತನ್ನಲ್ಲೇ ಲೀನನಾದವನು ಎಂದು ಕರೆಸಿಕೊಂಡ ಕೂಡಲೇ ನನ್ನ ಮಾತು ಎದುರಿನವರಿಗೆ ತಲುಪದಿದ್ದರೆ ತಪ್ಪು ನನ್ನದೇ ಎಂದು ಆಗಲೇ ತೀರ್ಪಾಗಿಬಿಡುತ್ತದೆ. ಹಾಗಾಗಿ ನಾನು ಆಟಿಸಂ ಎಂದೇ ಬರೆಯುತ್ತೇನೆ.

ಅಳಿಯನಿಗೆ ಈಗ ಹನ್ನೊಂದು ವರ್ಷ. ಅವನ ಮಾತಿನ ಬಹುಭಾಗ ಬೇರೆಯವರಿಂದ ತಂದ ಇಡೀ ವಾಕ್ಯಗಳು. ಚಿಕ್ಕವನಿದ್ದಾಗ ಬಾಯಾರಿದರೆ "ನಿಂಗೆ ನೀರು ಬೇಕಾ?" ಎಂದು ಕೇಳುತ್ತಿದ್ದ. ನಾನು, ನೀನು ಎಂಬುದರ ವ್ಯತ್ಯಾಸ ಇವನಿಗೆ ತಿಳಿದಿಲ್ಲ ಎಂದು ಶಾಲೆಯಲ್ಲಿ ಬರೆದುಕೊಂಡರು. ಆದರೆ ನೀರು ಬರುವ ಮುಂಚೆ ಅವನಿಗೆ ಪ್ರತಿಸಲವೂ ಕೇಳಿಸುತ್ತಿದ್ದದ್ದು ಅಕ್ಕನ ಬಾಯಿಂದ ಆ ವಾಕ್ಯವೇ ಅಲ್ಲವೇ? ನೀರು ತರಿಸುವ ವಾಕ್ಯ ಅದು ಎಂದು ಅವನು ಕಲಿತುಕೊಂಡಿದ್ದ. ಬಸ್ಸಿನಲ್ಲಿ ದೇವಿಮನೆ ಘಟ್ಟ ಹತ್ತಿ ನಮ್ಮ ಮನೆಗೆ ಬಂದುಹೋಗುವ ಅಭ್ಯಾಸದಿಂದ, ಮನೆಯಲ್ಲಿ ಜನ ಜಾಸ್ತಿಯಾಗಿ ಗದ್ದಲ ತಡೆಯಲಾರದೆ ಹೋದಾಗ "ಇಳಿಯೋರು ಇಳೀರಿ" ಎಂದು ಕಂಡಕ್ಟರನ ದನಿಯಲ್ಲಿ ಕೂಗುತ್ತಾನೆ. ನನಗಂತೂ ಇದರಲ್ಲಿ ಅಸ್ಪಷ್ಟವಾದದ್ದು ಏನೂ ಕಾಣುವುದಿಲ್ಲ.

ಎಡವಟ್ಟಾದದ್ದು ತಾಳಮದ್ದಲೆಯಿಂದ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಿಂದ. ಅವನ ಅಜ್ಜ ದಿನವೂ ತಾಳಮದ್ದಲೆಯ ಧ್ವನಿಮುದ್ರಣ ಹಾಕಿಕೊಂಡು ಕೂರುವವರು. ಒಂದು ಮಧ್ಯಾಹ್ನ ಭಾವನ ದೂರದ ನೆಂಟರೊಬ್ಬರು ಅಂಗಳ ದಾಟಿ ಜಗಲಿ ಹತ್ತುತ್ತಿದ್ದಂತೆ, ಒಳಗಿನಿಂದ ಓಡಿಬಂದ ಅಳಿಯ ಎದುರು ನಿಂತು, ಅರ್ಥಧಾರಿಯ ಏರುದನಿಯಲ್ಲಿ, "ಬಂದಂಥ ಕಾರ್ಯವೇನು?" ಎಂದ. ಬಂದವರಿಗೆ ಬೆಲ್ಲ ನೀರು ಕೊಟ್ಟು, ಮಳೆ ಬೆಳೆ ವಿಚಾರಿಸಿ, ಕವಳದ ತಬಕು ಮುಂದಿಟ್ಟು, ಅವರೇ ಎದ್ದು ಹೊರಡುವ ಹೊತ್ತಿಗೆ ಮೆಟ್ಟಿಲ ಮೇಲೆ ಬಂದ ಕೆಲಸ ಹೇಳುವ ತನಕ ತಾಳಿಕೊಂಡಿರಬೇಕಾದ ಸೀಮೆ ನಮ್ಮದು. ಇಲ್ಲಿ ಬಂದ ಕಾರ್ಯ ಕೇಳುವುದೆಂದರೆ ಬಾಗಿಲು ಹಾಕಿದ ಹಾಗೆ. ನೆಂಟರ ಮುಖ ಕೆಂಪಾಯಿತು. ಮಕ್ಕಳಿಗೆ ನಾಲ್ಕು ಸಂಸ್ಕಾರ ಕಲಿಸಬೇಕಿತ್ತು ಎಂದು ಅವರು ಅಕ್ಕನಿಗೆ ಕೇಳಿಸುವಂತೆಯೇ ಹೇಳಿದರು. ಹುಡುಗನಿಗೆ ಬೇಕಾಗಿದ್ದದ್ದು ಬೇರೆ. ಹೊಸಬರು ಬಂದಿದ್ದಾರೆ, ಎಷ್ಟು ಹೊತ್ತು ಇರುತ್ತಾರೆ, ಮುಂದೇನು ನಡೆಯುತ್ತದೆ ಎಂಬುದು ತಿಳಿದರೆ ಅವನಿಗೆ ನೆಮ್ಮದಿ. ಅವನು ಕೇಳಿದ ಪ್ರಸಂಗಗಳಲ್ಲೆಲ್ಲ ಸಭೆಗೆ ಬಂದವನನ್ನು ಗೌರವದಿಂದ ವಿಚಾರಿಸುತ್ತಿದ್ದದ್ದು ಹಾಗೆಯೇ.

ಹೀಗೆ ಎರವಲು ತಂದ ವಾಕ್ಯಗಳಿಗೆ ಅರ್ಥವಿದೆ ಎಂಬುದು ಇಂದು ನಿನ್ನೆ ಗೊತ್ತಾದದ್ದಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ 11 ಮಕ್ಕಳನ್ನು ಗಮನಿಸಿ 1943ರಲ್ಲಿ ಆಟಿಸಂನ ಬಗ್ಗೆ ಹೆಸರಾದ ಪ್ರಬಂಧ ಬರೆದ ಮನೋವೈದ್ಯ ಲಿಯೋ ಕ್ಯಾನರ್, 1946ರಲ್ಲಿ ಇಂಥ ಮಕ್ಕಳ ಅಸಂಬದ್ಧವೆನಿಸುವ ಮಾತಿನ ಬಗ್ಗೆಯೇ ಇನ್ನೊಂದು ಪ್ರಬಂಧ ಬರೆದರು. ಅದರಲ್ಲಿ ಬರುವ ಒಬ್ಬ ಹುಡುಗ, ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ ಎಂದು ಆಗಾಗ ಹೇಳಿಕೊಳ್ಳುತ್ತಿದ್ದ. ಅಲ್ಲಿ ನಾಯಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ವಿಚಾರಿಸಿದರೆ, ಹಿಂದೊಮ್ಮೆ ಹೋಟೆಲಿನ ಬಾಲ್ಕನಿಯಿಂದ ಅವನು ಆಟಿಕೆಯ ನಾಯಿಯನ್ನು ಎಸೆಯುತ್ತಿದ್ದಾಗ ತಾಯಿ ಗದರಿದ ಮಾತು ಅದು. ಆಮೇಲೆ ಏನನ್ನಾದರೂ ಎಸೆಯುವ ಮನಸ್ಸಾದಾಗಲೆಲ್ಲ ತನ್ನನ್ನು ತಾನೇ ತಡೆದುಕೊಳ್ಳಲು ಅದನ್ನು ಬಳಸುತ್ತಿದ್ದ. ಮಾತಿಗೆ ಅರ್ಥವಿತ್ತು, ಅದರ ಹುಟ್ಟು ಮಾತ್ರ ಕೇಳಿದವರಿಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕ ಈಗ ಒಂದು ನೂರು ಪುಟದ ಪುಸ್ತಕ ಇಟ್ಟಿದ್ದಾಳೆ. ಎಡಗಡೆ ಮಗನ ವಾಕ್ಯ, ಬಲಗಡೆ ಅದನ್ನು ಅವನು ಮೊದಲು ಕೇಳಿದ ಜಾಗ. ಹೊಸದಾಗಿ ಬರುವ ಶಿಕ್ಷಕರಿಗೆ ಆ ಪುಸ್ತಕವನ್ನು ಓದಲು ಕೊಡುತ್ತಾಳೆ. ಓದಿ ಹಿಂತಿರುಗಿಸಿದವರು ಇದುವರೆಗೆ ಒಬ್ಬರೇ.

ತಾಳಮದ್ದಲೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಅಳಿಯನೂ ನಾನೂ ಅದನ್ನು ಇಷ್ಟಪಡುವುದು ಆಕಸ್ಮಿಕವಲ್ಲ ಎಂದು ನನ್ನ ಗುಮಾನಿ. ವೇಷವಿಲ್ಲ, ಕುಣಿತವಿಲ್ಲ. ಕುಳಿತವರು ಒಬ್ಬರ ನಂತರ ಒಬ್ಬರು, ಪೂರ್ಣ ವಾಕ್ಯಗಳಲ್ಲಿ, ತಮ್ಮ ಮನಸ್ಸಿನಲ್ಲಿರುವುದನ್ನು ಹೇಳುತ್ತಾರೆ. ಕೌರವನಿಗೆ ಸಿಟ್ಟು ಬಂದರೆ ಯಾಕೆ ಬಂತು, ಎಂದಿನಿಂದ ಬಂತು, ಅದಕ್ಕೆ ಯಾರು ಹೊಣೆ ಎಂಬುದನ್ನು ಅರ್ಧ ಗಂಟೆ ವಿವರಿಸುತ್ತಾನೆ. ನಮ್ಮ ಮ್ಯಾನೇಜರರು ಅದರ ಹತ್ತರಲ್ಲಿ ಒಂದು ಪಾಲು ವಿವರಿಸಿದ್ದರೂ ಆ ಪತ್ರ ಹೋಗುತ್ತಿರಲಿಲ್ಲ.

ಮಾತಿಗಿಂತ ಹೆಚ್ಚು ತೊಂದರೆ ಕೊಟ್ಟದ್ದು ನನ್ನ ಮುಖ. ಸಿದ್ದಾಪುರ ಕಡೆಯ ಹಿರಿಯ ಬೆಳೆಗಾರರೊಬ್ಬರು ಎರಡು ವರ್ಷ ನನ್ನೊಡನೆ ಪತ್ರದಲ್ಲಿ, ಆಮೇಲೆ ವಾಟ್ಸಾಪಿನಲ್ಲಿ ಲೆಕ್ಕದ ವ್ಯವಹಾರ ನಡೆಸಿದವರು. ಇಷ್ಟು ಬಿಡಿಸಿ ತಿಳಿಸುವವರು ಅಪರೂಪ ಎಂದು ಬರೆದಿದ್ದರು. ಒಂದು ಮಳೆಗಾಲದ ದಿನ ನನ್ನನ್ನು ನೋಡಲೆಂದೇ ಬಂದರು. ಅವರ ಕೊಡೆಯ ತುದಿಯಿಂದ ತೊಟ್ಟಿಕ್ಕುವ ನೀರು ನೆಲದ ಕೆಂಪು ಗಾರೆಯ ಬಿರುಕಿನಲ್ಲಿ ಸಣ್ಣ ಹೊಳೆಯಾಗಿ ನನ್ನ ಮೇಜಿನ ಕಾಲಿನತ್ತ ಬರುತ್ತಿತ್ತು, ನಾನು ಅದನ್ನು ನೋಡುತ್ತಾ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ. ಹೊರಗೆ ಹೋಗಿ ಗೆಳೆಯನ ಹತ್ತಿರ, "ಮಾಣಿಗೆ ಸೊಕ್ಕು ರಾಶಿ ಇದ್ದು" ಎಂದರಂತೆ.

ಆ ಮಾತು ಬಹಳ ದಿನ ಚುಚ್ಚಿತು. ಆಮೇಲೆ 2017ರಲ್ಲಿ ನೋವಾ ಸ್ಯಾಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ, ಇದು ನನ್ನೊಬ್ಬನ ಕಥೆಯಲ್ಲ ಎಂದು ತಿಳಿಯಿತು. ಆಟಿಸಂ ಇರುವವರ ಮತ್ತು ಇಲ್ಲದವರ ಕೆಲವೇ ಸೆಕೆಂಡುಗಳ ದೃಶ್ಯ, ಧ್ವನಿಗಳನ್ನು ಅಪರಿಚಿತರ ಮುಂದಿಟ್ಟರೆ, ಆಟಿಸಂ ಇರುವವರ ಜೊತೆ ಮಾತಾಡಲು, ಪಕ್ಕದಲ್ಲಿ ಕೂರಲು ಮನಸ್ಸಿಲ್ಲ ಎಂಬ ಕಡೆಗೇ ಅವರ ಅಭಿಪ್ರಾಯ ವಾಲಿತು. ಅದೇ ಜನ ಆಡಿದ ಮಾತನ್ನು ಬರಹದಲ್ಲಿ ಮಾತ್ರ ಕೊಟ್ಟಾಗ ಆ ವ್ಯತ್ಯಾಸ ಇರಲಿಲ್ಲ. ಸಿದ್ದಾಪುರದ ಹಿರಿಯರು ಎರಡು ವರ್ಷ ಓದಿದ್ದು ನನ್ನನ್ನೇ, ಆ ದಿನ ನೋಡಿದ್ದೂ ನನ್ನನ್ನೇ. ನಡುವೆ ಬಂದದ್ದು ಕಣ್ಣು, ದನಿ, ಕೂತ ಭಂಗಿ.

ಕಣ್ಣಿನ ವಿಷಯದಲ್ಲಿ ನನಗೆ ಒಂದು ತಕರಾರಿದೆ. ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಬಳಸುವ ಐಎಸ್‌ಎಎ ಎಂಬ ಮಾಪನದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಅದರ ಮೊಟ್ಟಮೊದಲ ಅಂಶವೇ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ ಎಂಬುದು. ಆದರೆ ನನ್ನ ಅಜ್ಜಿ ತನ್ನ ಮಾವನ ಮುಖವನ್ನು ಆಯುಷ್ಯದಲ್ಲಿ ಒಮ್ಮೆಯೂ ನೆಟ್ಟ ನೋಟದಿಂದ ನೋಡಿದವಳಲ್ಲ. ನಾನು ಚಿಕ್ಕವನಿದ್ದಾಗ ದೊಡ್ಡವರು ಮಾತಾಡುವಾಗ ತಲೆ ತಗ್ಗಿಸಿ ನಿಲ್ಲುತ್ತಿದ್ದದ್ದಕ್ಕೆ ವಿನಯದ ಹುಡುಗ ಎಂಬ ಹೆಸರಿತ್ತು. ಅದೇ ನೆಲ ನೋಡುವ ಅಭ್ಯಾಸ ಇಪ್ಪತ್ತೈದು ದಾಟಿದ ಮೇಲೆ ಸೊಕ್ಕಾಯಿತು. ಮಾಪನ ಬೇಡವೆಂದು ನಾನು ಹೇಳುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು, ಪ್ರಮಾಣಪತ್ರವಿಲ್ಲದೆ ಅಳಿಯನಿಗೆ ಸಿಗಬೇಕಾದ್ದು ಸಿಗುವುದಿಲ್ಲ. ಆದರೆ ಕಣ್ಣು ನೋಡದಿರುವುದನ್ನು ಕೇಳದಿರುವುದು ಎಂದು ಓದಬಾರದು. ಎದುರಿನವರ ಕಣ್ಣನ್ನು ನೋಡಲು ತೊಡಗಿದರೆ ನನಗೆ ಅವರ ಮಾತು ಕೇಳಿಸುವುದು ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು, ನಾನು ಮಾತನ್ನು ಆರಿಸುತ್ತೇನೆ.

ಮದುವೆ ಉಪನಯನಗಳಲ್ಲಿ ಮಾತ್ರ ಕಣ್ಣನ್ನು ಆರಿಸುತ್ತೇನೆ. ಹುಬ್ಬುಗಳ ನಡುವಿನ ಕುಂಕುಮವನ್ನೋ ಗಂಧವನ್ನೋ ನೋಡಿದರೆ ಎದುರಿನವರಿಗೆ ಗೊತ್ತಾಗುವುದಿಲ್ಲ ಎಂದು ಕಂಡುಕೊಂಡಿದ್ದೇನೆ. ಎರಡು ಎಣಿಸುವವರೆಗೆ ನೋಡು, ನಗು, ಯಾವಾಗ ಬಂದದ್ದು ಎಂದು ಕೇಳು, ಉತ್ತರ ಬಂದ ಮೇಲೆ ಇನ್ನೊಮ್ಮೆ ನಗು. ಎಲ್ಲರೂ, ಈಗ ಸುಧಾರಿಸಿದ್ದಾನೆ ಎನ್ನುತ್ತಾರೆ. ಮನೆಗೆ ಬಂದು ಪಂಚೆಯನ್ನೂ ಬದಲಿಸದೆ ಕೊಟ್ಟಿಗೆಯ ಕತ್ತಲಲ್ಲಿ, ದನ ಮೆಲುಕು ಹಾಕುವ ಸದ್ದು ಕೇಳುತ್ತಾ ಮುಕ್ಕಾಲು ಗಂಟೆ ಕೂತಿರುವುದನ್ನು ಆಯಿ ಒಬ್ಬಳೇ ಬಲ್ಲಳು. ಆಸ್ರಿಗೆ, ಅಂದರೆ ಕುಡಿಯಲು ಏನಾದರೂ, ಬೇಕಾ ಎಂದು ಒಂದೇ ಸಲ ಕೇಳಿ, ಬೇಡ ಎಂದರೆ ಬೇಡ ಎಂದೇ ತಿಳಿಯುವವಳು ಅವಳು. ಬೇರೆಯವರ ಮನೆಯಲ್ಲಿ ಮೂರನೇ ಸಲದ ಬೇಡಕ್ಕೆ ಬೇಕು ಎಂದು ಅರ್ಥವಂತೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವವರು, 2012ರಲ್ಲಿ ಇದನ್ನು ಇಬ್ಬದಿಯ ತೊಡಕು ಎಂದು ವಾದಿಸಿದರು. ಆಟಿಸಂ ಇರುವವನಿಗೆ ಇತರರ ಮನಸ್ಸು ತಿಳಿಯುವುದಿಲ್ಲ ಎನ್ನುವವರು, ಇತರರಿಗೆ ಅವನ ಮನಸ್ಸು ತಿಳಿಯುತ್ತದೆಯೇ ಎಂದು ಕೇಳುವುದನ್ನು ಮರೆತಿದ್ದಾರೆ ಎಂಬುದು ಅವರ ಮಾತಿನ ತಿರುಳು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ಎಂಟೆಂಟು ಜನರ ಒಂಬತ್ತು ಸಾಲು, ಕಥೆಯೊಂದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಆಟಿಸಂ ಇರುವವರದೇ ಸಾಲಿನಲ್ಲಿ ಕಥೆ, ಇಲ್ಲದವರ ಸಾಲಿನಲ್ಲಿ ದಾಟಿದಷ್ಟೇ ಚೆನ್ನಾಗಿ ದಾಟಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿತು. ಅನಂತರ ಇನ್ನೂ ಹೆಚ್ಚು ಜನರೊಡನೆ ಮಾಡಿದಾಗ ಬೆರೆತ ಸಾಲಿನ ಆ ಸೋರಿಕೆ ಮತ್ತೆ ಕಾಣಲಿಲ್ಲ, ಆದ್ದರಿಂದ ಅದನ್ನು ನಾನು ಧ್ವಜದಂತೆ ಹಿಡಿದು ಓಡಾಡುವುದಿಲ್ಲ. ಆದರೆ ಆಟಿಸಂ ಇರುವವರು ವಿಷಯ ದಾಟಿಸುವುದರಲ್ಲಿ ಹಿಂದೆ ಬಿದ್ದದ್ದು ಎರಡರಲ್ಲಿಯೂ ಇಲ್ಲ.

ಮಾತೇ ಇಲ್ಲದೆ, ಚಿತ್ರಗಳನ್ನು ತೋರಿಸಿಯೋ ಕೈಹಿಡಿದು ಎಳೆದೋ ತಿಳಿಸುವ ಮಕ್ಕಳೂ ಇದ್ದಾರೆ. ಸಂಬಳ ತೆಗೆದುಕೊಂಡು ಲೆಕ್ಕ ಬರೆಯುವ ನಾನು ಅವರ ಪರವಾಗಿ ಮಾತಾಡಲಾರೆ.

ಅಳಿಯನಿಗೂ ನನಗೂ ನಡುವೆ ಸೋರುವುದು ಕಡಿಮೆ, ಆದರೂ ನಾನೇ ಒಮ್ಮೆ ತಪ್ಪು ಮಾಡಿದೆ. ಕುಮಟೆಯಿಂದ ಹೊರಡುವಾಗ ಎಲ್ಲರಂತೆ "ಹೋಗಿ ಬತ್ತಿ" ಎಂದೆ. ಅವನು ಸಂಜೆಯವರೆಗೂ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದನಂತೆ, ಮಾವ ಬತ್ತಿ ಅಂದವನು ಬಂದಿಲ್ಲವೆಂದು. ಹೋಗುತ್ತೇನೆ ಎನ್ನುವುದು ಅಪಶಕುನ ಎಂದು ನಾವು ಬರುತ್ತೇನೆ ಎನ್ನುತ್ತೇವೆ. ಆ ಮಾತಿಗೆ ಸಂಜೆಯೆಲ್ಲ ಕಾದವನು ಅವನೊಬ್ಬ. ಈಗ ತಾರೀಕು ಮತ್ತು ಬಸ್ಸಿನ ವೇಳೆ ಹೇಳಿ ಹೊರಡುತ್ತೇನೆ.

ಕಚೇರಿಯಲ್ಲಿಯೂ ಅಂಥದ್ದೇ ಒಂದು ಏರ್ಪಾಡು ಮಾಡಿಕೊಂಡೆ. ಪ್ರತಿ ಪತ್ರದ ಮೇಲೆ ಒಂದು ಚೀಟಿ, ಅದರಲ್ಲಿ ಎರಡು ಚೌಕ: ಕಳಿಸು, ತಡೆ. ಒಂದಕ್ಕೆ ಗೀಟು ಹಾಕಿದರೆ ಸಾಕು. ಮೊದಲ ದಿನ ಮ್ಯಾನೇಜರರು ನಕ್ಕರು. ಈಗ ಉಳಿದ ಮೂವರೂ ಅದೇ ಚೀಟಿ ಬಳಸುತ್ತಾರೆ, ಅವರಿಗೂ ಅಡ್ಡಿಲ್ಲೆಯ ಕಾಟ ಇತ್ತೆಂದು ನನಗೆ ಆಗಲೇ ತಿಳಿದದ್ದು. ಕಳೆದ ಸೋಮವಾರ ಒಂದು ಚೀಟಿ ತಿರುಗಿ ಬಂತು. ಎರಡು ಚೌಕವೂ ಖಾಲಿ. ಅವುಗಳ ನಡುವಿನ ಜಾಗದಲ್ಲಿ, ಮ್ಯಾನೇಜರರ ದುಂಡಗಿನ ಅಕ್ಷರದಲ್ಲಿ, ಅಡ್ಡಿಲ್ಲೆ ಎಂದು ಬರೆದಿತ್ತು. ಚೀಟಿ ಹಿಡಿದುಕೊಂಡು ಮತ್ತೆ ಒಳಗೆ ಹೋದೆ.