ಹೆಲೆನ್ ಮನೆಯಿಂದ ಎಟ್ಟಾ ಹಾಡಿದ ಕೋಣೆಗೆ

ಅವ್ವ ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವಳು. ಕಣ್ಣು ಕಾಣದ, ಕಿವಿ ಕೇಳದ ಹೆಲೆನ್ ಕೆಲರ್ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದಾಳೋ ಅವಳಿಗೇ ಲೆಕ್ಕವಿಲ್ಲ. ನಾನಿರುವ ಅಲಬಾಮಾದ ಹಂಟ್ಸ್‌ವಿಲ್‌ನಿಂದ ಹೆಲೆನ್ ಹುಟ್ಟಿದ ಮನೆ ಒಂದೂವರೆ ಗಂಟೆಯ ದಾರಿ ಎಂದು ಗೊತ್ತಾದ ಮೇಲೆ ಅವಳಿಗೆ ಬೇರೆ ಯಾವ ಊರೂ ಬೇಡವಾಯಿತು. ಕಳೆದ ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ರಜೆ ಹಾಕಿ ಅವಳನ್ನು ಕರೆದುಕೊಂಡು ಹೊರಟೆ. ಆ ದಾರಿಯಲ್ಲಿ ನನಗೂ ಒಂದು ಆಸೆಯಿತ್ತು. ಹೆಲೆನ್‌ಳ ಟಸ್ಕಂಬಿಯಾಕ್ಕೆ ಅಂಟಿಕೊಂಡಿರುವ ಊರು ಮಸಲ್ ಶೋಲ್ಸ್. ಕಪ್ಪು ಗಾಯಕಿ ಎಟ್ಟಾ ಜೇಮ್ಸ್ 1967ರಲ್ಲಿ ಹಾಡಿದ ಫೇಮ್ ಸ್ಟುಡಿಯೋ ಅಲ್ಲಿದೆ.

ಎಟ್ಟಾಳ ಹಾಡು ನನಗೆ ಸಿಕ್ಕಿದ್ದು 2009ರ ಜನವರಿಯಲ್ಲಿ. ಅಮೆರಿಕಕ್ಕೆ ಬಂದ ಹೊಸತು. ಅಧ್ಯಕ್ಷರಾದ ದಿನ ರಾತ್ರಿ ಒಬಾಮಾ ದಂಪತಿ ಕುಣಿದಾಗ ಬಿಯಾನ್ಸೆ ಹಾಡಿದ ‘ಅಟ್ ಲಾಸ್ಟ್’ ಅನ್ನು ಟಿ.ವಿ.ಯಲ್ಲಿ ಕೇಳಿದೆ. ಮರುದಿನ ಅದರ ಜಾಡು ಹಿಡಿದು ಹುಡುಕಿದಾಗ ಎಟ್ಟಾ 1960ರಲ್ಲಿ ಷಿಕಾಗೋದ ಚೆಸ್ ಎಂಬ ರೆಕಾರ್ಡ್ ಕಂಪನಿಗೆ ಹಾಡಿದ ಧ್ವನಿಮುದ್ರಣ ಸಿಕ್ಕಿತು. ಹಾಡು ಅವಳಿಗಿಂತ ಹಳೆಯದೇನೂ ಅಲ್ಲದಿದ್ದರೂ ಅವಳು ಹಾಡುವ ಮೊದಲೇ ಸಿನಿಮಾದಲ್ಲಿ ಬಂದಿತ್ತು, ಬೇರೆಯವರು ಹಾಡಿದ್ದರು. ಆದರೆ ಪಿಟೀಲುಗಳ ಮೇಲೆ ಆ ದನಿ ಏರಿ ಬಂದಾಗ, ಅದು ಅವಳಿಗಾಗಿಯೇ ಕಾದಿದ್ದ ಹಾಡು ಎನಿಸಿತು. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ ಆ ಚಳಿಗಾಲವನ್ನು ನಾನು ದಾಟಿದ್ದು ಆ ದನಿಯ ಆಸರೆಯಲ್ಲಿ.

ಡಿಕೇಟರ್ ದಾಟಿದರೆ ರಸ್ತೆಯ ಎರಡೂ ಬದಿ ಹತ್ತಿ ಹೊಲ. ಅವ್ವ ಕಿಟಕಿಗೆ ಮುಖ ಒತ್ತಿ ಕುಳಿತಳು. ಹಳದಿ ಪ್ಲಾಸ್ಟಿಕ್ ಸುತ್ತಿದ ಭಾರಿ ಅಂಡಿಗೆಗಳು ಹೊಲದಲ್ಲಿ ಉರುಳಿದ್ದವು.

“ಬಿಡಿಸುವವರು ಒಬ್ಬರೂ ಕಾಣುವುದಿಲ್ಲವಲ್ಲ?”

“ಈಗ ಯಂತ್ರ ಬಿಡಿಸುತ್ತದೆ ಅವ್ವ. ಹಿಂದೆ ಕಪ್ಪು ಜನ ಬಿಡಿಸುತ್ತಿದ್ದರು. ನಾನು ಕೇಳುವ ಹಾಡುಗಳೆಲ್ಲ ಅವರ ಮಕ್ಕಳು ಮೊಮ್ಮಕ್ಕಳದು.”

ಲೇಟನ್ ಎಂಬ ಪುಟ್ಟ ಊರು ಬಂತು. ಗಾಯಕ ಪರ್ಸಿ ಸ್ಲೆಜ್ ಹುಟ್ಟಿದ ಊರು. ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದವನು 1966ರಲ್ಲಿ ಒಂದೇ ಹಾಡಿನಿಂದ ದೇಶಕ್ಕೆಲ್ಲ ಗೊತ್ತಾದ. ಅವ್ವನಿಗೆ ಅಷ್ಟು ಹೇಳುವುದರೊಳಗೆ ಊರು ಮುಗಿದಿತ್ತು.

ಹೆಲೆನ್ ಮನೆಯ ಹೆಸರು ಐವಿ ಗ್ರೀನ್. ಬಿಳಿಯ ಮರದ ಮನೆ, ಹಿತ್ತಲಲ್ಲಿ ಆ ಪಂಪು. 1887ರ ಏಪ್ರಿಲ್ 5ರಂದು ಶಿಕ್ಷಕಿ ಆನ್ ಸಲಿವನ್ ಹುಡುಗಿಯ ಒಂದು ಕೈ ಮೇಲೆ ನೀರು ಬಿಟ್ಟು, ಇನ್ನೊಂದು ಅಂಗೈಯಲ್ಲಿ ಆ ಪದದ ಅಕ್ಷರಗಳನ್ನು ಬೆರಳಿನಿಂದ ಬರೆದ ಜಾಗ. ಅವ್ವ ಅಲ್ಲಿ ಚಪ್ಪಲಿ ಬಿಟ್ಟು ನಿಂತಳು. ಮನೆಯೊಳಗಿನ ಯಾವ ವಸ್ತುವಿನ ಮುಂದೆಯೂ ಅವಳು ಅಷ್ಟು ಹೊತ್ತು ನಿಲ್ಲಲಿಲ್ಲ.

ಫೇಮ್ ಸ್ಟುಡಿಯೋ ಅಲ್ಲಿಂದ ಹತ್ತೇ ನಿಮಿಷ. ಹೊರಗಿನಿಂದ ನೋಡಿದರೆ ಯಾವುದೋ ಉಗ್ರಾಣ ಎನ್ನಬೇಕು. ಅದನ್ನು ಕಟ್ಟಿ ಬೆಳೆಸಿದ ರಿಕ್ ಹಾಲ್ ತೀರಿಕೊಂಡದ್ದು 2018ರಲ್ಲಿ. ಕಪ್ಪು ವಿದ್ಯಾರ್ಥಿಗಳು ಒಳಗೆ ಬಾರದಂತೆ ಅಲಬಾಮಾದ ಗವರ್ನರ್ ಜಾರ್ಜ್ ವಾಲೆಸ್ ಟಸ್ಕಲೂಸಾದ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತದ್ದು 1963ರಲ್ಲಿ. ಅದೇ ರಾಜ್ಯದಲ್ಲಿ, ನಾಲ್ಕೇ ವರ್ಷಗಳ ನಂತರ, ಈ ಕೋಣೆಯಲ್ಲಿ ಬಿಳಿಯ ಹುಡುಗರು ಡ್ರಮ್ಸ್, ಗಿಟಾರ್ ಹಿಡಿದು ಕಪ್ಪು ಗಾಯಕಿಯ ಉಸಿರಿಗೆ ಉಸಿರು ಕೂಡಿಸಿ ನುಡಿಸುತ್ತಿದ್ದರು. ಅಂದು ಎಟ್ಟಾ ಗರ್ಭಿಣಿ. ಹೆರಾಯಿನ್ ಚಟ ಅವಳನ್ನು ಆಗಲೇ ಹಿಂಡಿತ್ತು. ಡ್ರಮ್ಸ್ ನುಡಿಸಿದವನ ಹೆಸರು ರೋಜರ್ ಹಾಕಿನ್ಸ್. ಎಟ್ಟಾಳ ಹುಟ್ಟಿನ ಅಡ್ಡಹೆಸರೂ ಹಾಕಿನ್ಸ್. ಕಾಕತಾಳೀಯ, ಅಷ್ಟೇ. ಆದರೂ ಆ ಕೋಣೆಯಲ್ಲಿ ನಿಂತಾಗ ನನಗೆ ಮೊದಲು ನೆನಪಾದದ್ದು ಅದು.

‘ಟೆಲ್ ಮಾಮಾ’ ಅಲ್ಲಿ ಮುದ್ರಣವಾಯಿತು. ನಿನಗೇನು ಬೇಕೋ ಅಮ್ಮನಿಗೆ ಹೇಳು ಎನ್ನುವ ಹಾಡು. ಕೇಳುವವರು ಎದ್ದು ಕುಣಿಯುತ್ತಾರೆ, ಆದರೆ ಎಟ್ಟಾಳಿಗೆ ಅದು ಇಷ್ಟವಿರಲಿಲ್ಲ. ಬಂದವರಿಗೆಲ್ಲ ಮಡಿಲು ಕೊಡುವ ಮಹಾತಾಯಿಯ ವೇಷ ತನಗೆ ಒಗ್ಗಲಿಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾಳೆ. ಅದೇ ತಟ್ಟೆಯ ಹಿಂಬದಿಯಲ್ಲಿ ‘ಐ’ಡ್ ರಾದರ್ ಗೋ ಬ್ಲೈಂಡ್’ ಇತ್ತು. ಪ್ರೀತಿಸಿದವನು ಬಿಟ್ಟು ಹೋಗುವುದನ್ನು ನೋಡುವುದಕ್ಕಿಂತ ಕಣ್ಣು ಕುರುಡಾಗಲಿ ಎನ್ನುವ ಹಾಡು. ಅದನ್ನು ಮೊದಲು ಕೇಳಿದಾಗ ಕಂಪನಿಯ ಯಜಮಾನ ಲೆನರ್ಡ್ ಚೆಸ್ ಅಳುತ್ತ ಕೋಣೆಯಿಂದ ಎದ್ದು ಹೋದನಂತೆ.

ಅವ್ವನಿಗೆ ಆ ಹಾಡು ಕೇಳಿಸಬೇಕೆಂದು ಹೊರಗೆ ಕಾರಿನಲ್ಲಿ ಕುಳಿತಾಗ ಒಂದು ಕ್ಷಣ ಹಿಂಜರಿದೆ. ಹೆಲೆನ್ ಮನೆಯಿಂದ ಈಗಷ್ಟೇ ಬಂದವಳಿಗೆ ಇದೇ ಹಾಡೇ? ಅರ್ಥ ಹೇಳಿಯೇ ಹಾಕಿದೆ. ಎರಡೂವರೆ ನಿಮಿಷ ಅವಳು ಅಲುಗಾಡಲಿಲ್ಲ.

“ಕುರುಡುತನ ಏನೆಂದು ಗೊತ್ತಿಲ್ಲದವರು ಆಡುವ ಮಾತು ಅದು. ಆದರೆ ದನಿ ಸುಳ್ಳು ಹೇಳುವುದಿಲ್ಲ” ಎಂದಳು. ಆಮೇಲೆ, “ಅತ್ತು ಮುಗಿಸಿದವರು ಮಾತನಾಡಿದ ಹಾಗಿದೆ. ಇಷ್ಟು ದೊಡ್ಡ ದನಿ ಎಲ್ಲಿಂದ ಬಂತಪ್ಪಾ ಈ ಹೆಣ್ಣುಮಗಳಿಗೆ?”

ನಾನು ಉತ್ಸಾಹದಿಂದಲೇ ಹೇಳಲು ತೊಡಗಿದೆ. 1938ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದಾಗ ತಾಯಿಗೆ ಹದಿನಾಲ್ಕು ವರ್ಷ. ತಂದೆ ಯಾರೆಂದು ತಿಳಿಯದು. ಸಾಕಿದವಳು ಮಾಮಾ ಲೂ. ಐದಾರು ವರ್ಷಕ್ಕೆಲ್ಲ ಚರ್ಚಿನಲ್ಲಿ ಹಾಡುತ್ತಿದ್ದಳು. ಅಲ್ಲಿ ಹಾಡು ಕಲಿಸುವವನು ದನಿ ಹೊಟ್ಟೆಯಾಳದಿಂದ ಬರಲಿ ಎಂದು ಹಾಡುವಾಗ ಎದೆಗೆ ಗುದ್ದುತ್ತಿದ್ದ. ಸಾಕುತಂದೆ ರಾತ್ರಿ ಕುಡಿದು ಇಸ್ಪೀಟು ಆಡುವಾಗ ನಿದ್ದೆಯಿಂದ ಎಬ್ಬಿಸಿ, ಹೊಡೆದು, ಗೆಳೆಯರ ಮುಂದೆ ಹಾಡಿಸುತ್ತಿದ್ದ. ಹನ್ನೆರಡಕ್ಕೆ ಮಾಮಾ ಲೂ ಸತ್ತಳು. ಹದಿನಾರಕ್ಕೆ ಸಂಗೀತಗಾರ ಜಾನಿ ಓಟಿಸ್ ಮೊದಲ ಧ್ವನಿಮುದ್ರಣ ಮಾಡಿಸಿದ. ತಾಯಿಯ ಒಪ್ಪಿಗೆ ಪತ್ರವನ್ನು ಹುಡುಗಿ ತಾನೇ ಬರೆದುಕೊಂಡು ಹೋಗಿದ್ದಳು.

ಕೊನೆಯ ಮಾತುಗಳು ಅವ್ವನಿಗೆ ಕೇಳಿಸಿರಲಿಲ್ಲ. “ಎದೆಗೆ ಗುದ್ದಿದನೇ? ಎಷ್ಟು ವರ್ಷದ ಕೂಸಿಗೆ?”

ಹದಿನೈದು ವರ್ಷ ಈ ವಿಷಯವನ್ನು ನಾನು ಗೆಳೆಯರಿಗೆ ಹೇಳಿದ್ದೇನೆ. ಆ ದನಿಯ ಬಲಕ್ಕೆ ಕಾರಣ ಕೊಡುವವನಂತೆ, ಹೊಡೆತ ತಿಂದೇ ಹಾಡು ಹದವಾಯಿತು ಎಂಬ ಧಾಟಿಯಲ್ಲಿ ಹೇಳಿದ್ದೇನೆ. ಅವ್ವ ಸಿಟ್ಟಿನಿಂದ ಕೆಂಪಾಗಿದ್ದಳು. “ಮೂವತ್ತೊಂದು ವರ್ಷ ಶಾಲೆಯಲ್ಲಿ ಇದನ್ನೇ ಕೇಳಿದ್ದೇನೆ. ಹೊಡೆದದ್ದಕ್ಕೆ ಪಾಸಾದ, ಹೊಡೆದದ್ದಕ್ಕೆ ಉದ್ಧಾರವಾದ. ಆ ಕೂಸು ಹಾಡಿದ್ದು ಅವಳಿಗೆ ಹಾಡು ಇತ್ತು ಎಂದು. ಹೊಡೆದವರಿಂದ ಏನು ಬಂತು ಅದನ್ನು ಹೇಳು.”

ಏನು ಬಂತು ಎಂಬುದು ನನಗೆ ಗೊತ್ತಿತ್ತು. ಯಾರಾದರೂ ‘ಈಗ ಹಾಡು’ ಎಂದರೆ ಎಟ್ಟಾಳಿಗೆ ಜೀವನವಿಡೀ ಆಗುತ್ತಿರಲಿಲ್ಲ. ಹೆರಾಯಿನ್, ಜೈಲು, ಎಪ್ಪತ್ತರ ದಶಕದಲ್ಲಿ ಆಸ್ಪತ್ರೆ. ಮಾದಕವಸ್ತುವಿನ ಆರೋಪವನ್ನು ತನ್ನ ಮೇಲೆ ಹಾಕಿಕೊಂಡ ಗಂಡ ಆರ್ಟಿಸ್ ಮಿಲ್ಸ್ ವರ್ಷಗಟ್ಟಲೆ ಸೆರೆಮನೆಯಲ್ಲಿದ್ದ. ಇದೆಲ್ಲದರಿಂದ ಎದ್ದು ಬಂದು 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಿದಳು. ಮೊದಲ ಗ್ರ್ಯಾಮಿ ಬಂದಾಗ ಅವಳಿಗೆ ಐವತ್ತೇಳು ವರ್ಷ, ಅದೂ ಹಿಂದಿನ ಗಾಯಕಿ ಬಿಲ್ಲಿ ಹಾಲಿಡೇ ಹಾಡುಗಳಿಗಾಗಿ. 2011ರ ನವೆಂಬರ್‌ನಲ್ಲಿ ಕೊನೆಯ ಆಲ್ಬಮ್ ಬಂತು. 2012ರ ಜನವರಿ 20ರಂದು, ಎಪ್ಪತ್ನಾಲ್ಕನೆಯ ಹುಟ್ಟುಹಬ್ಬಕ್ಕೆ ಐದು ದಿನ ಇರುವಾಗ ತೀರಿಕೊಂಡಳು. ಅವಳನ್ನು ಮೊದಲು ಗುರುತಿಸಿದ ಜಾನಿ ಓಟಿಸ್ ಅದಕ್ಕೆ ಮೂರೇ ದಿನ ಮುಂಚೆ ಹೋಗಿದ್ದ.

ಇದನ್ನೆಲ್ಲ ಹೇಳುತ್ತ ಹೇಳುತ್ತ ಮತ್ತೆ ಹತ್ತಿ ಹೊಲಗಳ ನಡುವೆ ಬಂದಿದ್ದೆವು. ಹೊತ್ತು ಮುಳುಗುತ್ತಿತ್ತು.

“ಅವಳು ತನಗೆ ಬೇಕಾದ ಹಾಗೆ ಹಾಡಿದ್ದು ಯಾವುದಾದರೂ ಇದ್ದರೆ ಹಾಕು” ಎಂದಳು ಅವ್ವ.

1963ರಲ್ಲಿ ನ್ಯಾಷ್‌ವಿಲ್‌ನ ನ್ಯೂ ಎರಾ ಕ್ಲಬ್ಬಿನಲ್ಲಿ ಮುದ್ರಿಸಿದ ಕಛೇರಿಯನ್ನು ಹಾಕಿದೆ. ಅಲ್ಲಿ ಪಿಟೀಲಿಲ್ಲ, ನಯವಿಲ್ಲ. ಎಟ್ಟಾ ಗುಡುಗುತ್ತಾಳೆ, ಬಾಯಿಯಿಂದಲೇ ಮೌತ್ ಆರ್ಗನ್ನಿನ ಸದ್ದು ಹೊರಡಿಸುತ್ತಾಳೆ, ಜನ ಕೂಗುತ್ತಾರೆ, ಆ ಕೂಗನ್ನು ಎತ್ತಿಕೊಂಡು ಮತ್ತೆ ಹಾಡುತ್ತಾಳೆ. ಮೂರು ಹಾಡು ಮುಗಿಯುವವರೆಗೆ ಇಬ್ಬರೂ ಮಾತನಾಡಲಿಲ್ಲ.

“ಎಟ್ಟಾ ಎನ್ನುವುದು ತಾಯಿ ಇಟ್ಟ ಹೆಸರೇ?”

“ಅಲ್ಲ ಅವ್ವ. ಜಾನಿ ಓಟಿಸ್ ತಿರುಗಿಸಿ ಇಟ್ಟದ್ದು. ಹುಟ್ಟಿದಾಗಿನ ಹೆಸರು ಜೇಮ್ಸೆಟ್ಟಾ. ಜೇಮ್ಸೆಟ್ಟಾ ಹಾಕಿನ್ಸ್.”

ಅವ್ವ ಅದನ್ನು ಒಮ್ಮೆ ಮೆಲ್ಲನೆ ಹೇಳಿ ನೋಡಿದಳು, ನಾಲಿಗೆ ತಿರುಗಲಿಲ್ಲ. ಎರಡನೆಯ ಸಲ ಸ್ಪಷ್ಟವಾಗಿ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಹೇಳಿದಳು. ಸ್ಪೀಕರ್‌ನಲ್ಲಿ ನಾಲ್ಕನೆಯ ಹಾಡು ಶುರುವಾಗಿತ್ತು.