ಜ್ವರ ಬಿಟ್ಟಿದ್ದು ನನ್ನ ಕೈಗುಣಕ್ಕಲ್ಲ

ನಮ್ ಕಡೆ ಡಾಕ್ಟ್ರಿಗೆ ಹೆಸರು ಬರೋದು ಡಿಗ್ರಿಯಿಂದ ಅಲ್ಲ, ಕೈಗುಣದಿಂದ. ಜಾಹೀರಾತು ಕೊಡೋ ಹಾಗೂ ಇಲ್ಲ, 2002ರ ಮೆಡಿಕಲ್ ಕೌನ್ಸಿಲ್ ನಿಯಮ ಪ್ರಕಾರ ಕ್ಲಿನಿಕ್ ಶುರು ಮಾಡಿದೀನಿ, ಅಡ್ರೆಸ್ ಬದಲಾಗಿದೆ ಅನ್ನೋ ತರದ್ದು ಪೇಪರಲ್ಲಿ ಹಾಕಿಸ್ಬಹುದು ಅಷ್ಟೇ. ಉಳಿದಿದ್ದೆಲ್ಲ ಬಾಯಿಮಾತು. ಮಂಡ್ಯದ ಶಂಕರೇಗೌಡ್ರ ತರ 5 ರೂಪಾಯಿ ಡಾಕ್ಟ್ರು ಅನ್ನಿಸ್ಕೊಳ್ಳೋಕೆ ವರ್ಷಗಟ್ಲೆ ಬೇಕು, ನಮ್ಮಂಥೋರಿಗೆ ವೈರಲ್ ಜ್ವರಾನೇ ಗತಿ. ಅದು ಐದಾರು ದಿನಕ್ಕೆ ತಾನಾಗೇ ಬಿಡತ್ತೆ, ಮೊದಲ್ನೇ ದಿನ ನೋಡಿದೋನು ದಡ್ಡ, ಐದನೇ ದಿನ ಸೂಜಿ ಹಾಕಿದೋನು ದೇವ್ರು.

ಹೋದ ಮಳೆಗಾಲ ನಾನೇ ಆ ದೇವ್ರಾಗಿದ್ದೆ, ಸುಮಾರು ಹತ್ತು ನಿಮಿಷ.

ಕಾಲೇಜು ಹುಡುಗಿ, ಎನ್ಎಸ್1 ಪಾಸಿಟಿವ್, ಅಂದ್ರೆ ಡೆಂಗಿ, ಎರಡು ಕಡೆ ತೋರಿಸಿ ನಮ್ಮಲ್ಲಿ ಅಡ್ಮಿಟ್ ಆಗಿದ್ಲು. ಐದನೇ ದಿನ ರೌಂಡ್ಸಿಗೆ ಹೋದ್ರೆ ಜ್ವರ ಇಲ್ಲ. ಅವರಮ್ಮ ಕೈ ಮುಗಿದು "ಎಲ್ಲಿ ತೋರಿಸಿದ್ರೂ ಬಿಟ್ಟಿರ್ಲಿಲ್ಲ ಸಾರ್, ನಿಮ್ ಕೈಗುಣ" ಅಂದ್ರು. ಕೊಟ್ಟಿದ್ದು ಬರೀ ಪ್ಯಾರಾಸಿಟಮಾಲ್, ಆದ್ರೂ ಉಬ್ಬೋದೆ. ಹುಡುಗೀನ ಮುಟ್ಟೂ ನೋಡ್ದೆ "ಸಂಜೆ ಡಿಸ್ಚಾರ್ಜ್ ಮಾಡಿ" ಅಂತ ಹೇಳಿ ಬಾಗಿಲ ತನಕ ಬಂದಿದ್ದೆ.

ಸಿಸ್ಟರ್ ಹಿಂದೇನೇ ಬಂದ್ರು. "ಸಾರ್, ಬಿಪಿ ನೂರು, ಎಂಬತ್ನಾಲ್ಕು ತೋರಿಸ್ತಿದೆ."

"ಆ ಮಿಷನ್ ಯಾವತ್ತು ಸರಿಯಾಗಿ ತೋರಿಸಿದೆ ಬಿಡಿ" ಅಂದೆ. ಅದನ್ನ ಬದಲಾಯಿಸಿ ಅಂತ ಇಂಡೆಂಟ್ ಹಾಕಿ ಎಂಟು ತಿಂಗಳಾಗಿತ್ತು, ಸುಳ್ಳೇನಲ್ಲ.

ಅವ್ರು ಅಲ್ಲೇ ನಿಂತಿದ್ರು. "ಕಾಲು ಒಂಚೂರು ಮುಟ್ಟಿ ನೋಡಿ ಸಾರ್."

ಪಾದ ಐಸು. ಪಾದರಸದ ಹಳೇ ಬಿಪಿ ಡಬ್ಬ ತರಿಸಿ ನಾನೇ ನೋಡ್ದೆ, 98/82, ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ ತೀರಾ ಕಮ್ಮಿ, ಒಳ್ಳೇ ಲಕ್ಷಣ ಅಲ್ಲ. ಪಿಸಿವಿ, ಅಂದ್ರೆ ರಕ್ತ ಎಷ್ಟು ಗಟ್ಟಿಯಾಗಿದೆ ಅನ್ನೋ ಲೆಕ್ಕ, ನಿನ್ನೆ 38 ಇದ್ದಿದ್ದು 49. ಡೆಂಗಿಲಿ ಜ್ವರ ಇಳಿಯೋ ಹೊತ್ತೇ ಡೇಂಜರ್, ರಕ್ತನಾಳದಿಂದ ನೀರು ಸೋರೋದು ಆವಾಗ್ಲೇ ಅಂತ ಜೂನಿಯರ್‌ಗಳಿಗೆ ಕೊರೀತಿದ್ದೋನು ನಾನೇ! ಎರಡು ಲೈನ್ ಹಾಕಿ ಆರ್‌ಎಲ್ ಡ್ರಿಪ್ ಬಿಟ್ವಿ, ಹತ್ತತ್ತು ನಿಮಿಷಕ್ಕೆ ಕೈ ಮುಟ್ಟಿ ನೋಡೋದು, ಗಡಿಯಾರ ನೋಡೋದು. ಅವರಮ್ಮ "ಜ್ವರ ಬಿಟ್ಟಿದೆಯಲ್ಲ ಸಾರ್, ಈಗ್ಯಾಕೆ ಇಷ್ಟೆಲ್ಲ" ಅಂತ ಕೇಳ್ತಾನೇ ಇದ್ರು, ನನ್ ಹತ್ರ ಉತ್ತರ ಇರ್ಲಿಲ್ಲ, ಗಂಟೆ ಹಿಂದೆ ಮನೆಗೆ ಹೋಗಿ ಅಂದಿದ್ದು ನಾನೇ ತಾನೆ. ಕೈ ಬೆಚ್ಚಗಾದ್ಮೇಲೆ, ನಮ್ಮಲ್ಲಿ ಐಸಿಯು ಇಲ್ಲ ಅಂತ ಜಿಲ್ಲಾಸ್ಪತ್ರೆಗೆ ಕಳಿಸಿದ್ವಿ.

ಹುಡುಗಿ ಆರಾಮಾಗಿದಾಳೆ. ಊರಲ್ಲಿರೋ ಮಾತು: "ನೆಟ್ಟಗಿದ್ದೋಳನ್ನ ಇವ್ರು ಕೆಡಿಸಿದ್ರು, ದೊಡ್ಡಾಸ್ಪತ್ರೆಯವ್ರು ಪ್ಲೇಟ್ಲೆಟ್ ಹಾಕಿ ಉಳಿಸಿದ್ರು." ಪ್ಲೇಟ್ಲೆಟ್ ಹಾಕೇ ಇಲ್ಲ, ಡಿಸ್ಚಾರ್ಜ್ ಸಮ್ಮರಿ ನಾನೇ ಓದಿದೀನಿ. ಸಿಸ್ಟರ್ ಸುದ್ದಿ ಯಾರೂ ಎತ್ತಲ್ಲ. ಮಿಷನ್ ಮಾತ್ರ ಈ ತಿಂಗಳೂ ಬದಲಾಗಿಲ್ಲ, ನಾನೂ ಮತ್ತೆ ಕೇಳೋಕೆ ಹೋಗಿಲ್ಲ. ಅವತ್ತು ಅದು ತೋರಿಸಿದ್ದು ಸರಿಯಾಗೇ ಇತ್ತಲ್ಲ.