ಕಣಜಕ್ಕೆ ಎರಡು ಮಾರು, ಹಂದಿಗೆ ಅಗಳ

ಹೋದ ತಿಂಗಳು ಬೆಂಗಳೂರಿನಿಂದ ಬಂದ ತಂಗಿ ಮಗಳು ಬಚ್ಚಲುಮನೆ ಬಾಗಿಲಲ್ಲೇ ನಿಂತು ಕೂಗಿದಳು. "ದೊಡ್ಡಮ್ಮಾ, ಇಲ್ಲೊಂದು ಗೂಡಿದೆ!"

ಇದೆ, ಗೊತ್ತು. ಸೂರಿನ ರೀಪಿಗೆ ಒಂದು ಸಣ್ಣ ತೊಟ್ಟಿನಲ್ಲಿ ಜೋತುಬಿದ್ದಿದೆ. ನನ್ನ ಅಂಗೈಯಷ್ಟು ಅಗಲ, ಮಳೆಯಲ್ಲಿ ನೆನೆದು ಒಣಗಿದ ಪೇಪರಿನ ಬಣ್ಣ. ಅದರ ಮೇಲೆ ಇಪ್ಪತ್ತು ಇಪ್ಪತ್ತೈದು ಕಣಜ.

"ಸ್ಪ್ರೇ ಇಲ್ವಾ?"

"ಇದೆ. ಹೊಡೆಯೋದಿಲ್ಲ. ಎಡಗಡೆಯಿಂದ ಬಾ, ಟವೆಲ್ ಬೀಸಬೇಡ."

ಅವಳು ಆ ದಿನ ಸ್ನಾನ ಮಾಡಲಿಲ್ಲ. ಮರುದಿನ ಮಾಡಿದಳು. ಏನೂ ಆಗಲಿಲ್ಲ.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಮನೆ ಮುಂದೆ ಅಡಿಕೆ ತೋಟ, ಹಿಂದೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಇವೆರಡರ ನಡುವೆ ನನ್ನ ಹಿತ್ತಲು. ಬದನೆ, ಅಲಸಂದೆ, ಹರಿವೆ, ಮೂಲಂಗಿ, ಮೂಲೆಯಲ್ಲಿ ಕೆಸು, ಸುವರ್ಣಗೆಡ್ಡೆ. ನಾನು ಸೊಸೆಯಾಗಿ ಬಂದ ಕಾಲಕ್ಕೆ ಕಣಜದ ಗೂಡು ಕಂಡರೆ ರಾತ್ರಿ ಸೂಡಿ ಹಚ್ಚಿ ಸುಡುವುದೇ ಪದ್ಧತಿ. ಸೂಡಿ ಹಿಡಿಯುವುದರಲ್ಲಿ ನಾನೇ ಮುಂದು. ಪುಣ್ಯದ ಕೆಲಸ ಅಂತಲೇ ಅಂದುಕೊಂಡಿದ್ದೆ.

ಒಂದು ಸಲ ಮಳೆಗಾಲ ಮುಗಿದ ಮೇಲೆ ಹರಿವೆ ಮಡಿಗೆ ಹುಳ ಬಿತ್ತು. ಎಲೆ ಸುರುಳಿ ಸುತ್ತಿಕೊಂಡು ಒಳಗೆ ಕೂತು ತಿನ್ನುವ ಹಸಿರು ಹುಳ. ಕೈಯಲ್ಲಿ ಹೆಕ್ಕುತ್ತಾ ಕೂತಿದ್ದೆ. ಒಂದು ಕಣಜ ಬಂದು ನನ್ನಿಂದ ಒಂದು ಗೇಣು ದೂರದ ಎಲೆ ಮೇಲೆ ಇಳಿಯಿತು. ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೀಸೆಯಲ್ಲಿ ಎಲೆ ತಟ್ಟುತ್ತಾ ಸುರುಳಿಯ ಬಾಯಿಗೆ ಹೋಯಿತು, ತಲೆ ತೂರಿಸಿತು, ಹುಳವನ್ನು ಎಳೆದು ಹೊರಗೆ ಹಾಕಿತು. ಆಮೇಲೆ ಅಗಿಯಲು ಶುರು. ಮುಂಗಾಲಲ್ಲಿ ತಿರುಗಿಸುತ್ತಾ ಅಗಿಯುವುದು, ತಿರುಗಿಸುತ್ತಾ ಅಗಿಯುವುದು. ನಾವು ಕಡುಬಿಗೆ ಹಿಟ್ಟು ಉಂಡೆ ಕಟ್ಟುತ್ತೇವಲ್ಲ, ಹಾಗೇ. ಎರಡು ಮೂರು ನಿಮಿಷದಲ್ಲಿ ಹುಳ ಹೋಗಿ ಹಸಿರು ಉಂಡೆ ಆಯಿತು, ಮೆಣಸಿನಕಾಳಿಗಿಂತ ಸ್ವಲ್ಪ ಸಣ್ಣದು. ಅದನ್ನು ಹಿಡಿದುಕೊಂಡು ನೇರ ಬಚ್ಚಲುಮನೆ ಸೂರಿಗೆ ಹಾರಿತು.

ಹಿಂದೆಯೇ ಹೋಗಿ ನೋಡಿದೆ. ಗೂಡಿನಲ್ಲಿದ್ದ ಇನ್ನೆರಡು ಕಣಜ ಉಂಡೆಯನ್ನು ಹಂಚಿಕೊಂಡವು. ಒಂದೊಂದು ಕೋಣೆಗೂ ತಲೆ ಹಾಕಿ ಒಳಗಿನ ಮರಿಗಳಿಗೆ ಉಣಿಸಿದವು. ಸಂಜೆವರೆಗೆ ಅದೇ ಕೆಲಸ. ನಾನು ಹೆಕ್ಕಿದ್ದು ಹೆಚ್ಚೋ ಅವು ಹೊತ್ತೊಯ್ದದ್ದು ಹೆಚ್ಚೋ ಲೆಕ್ಕ ಇಡಲಿಲ್ಲ. ಆದರೆ ಆ ರಾತ್ರಿ ಸೂಡಿ ಹಚ್ಚಲು ಮನಸ್ಸಾಗಲಿಲ್ಲ.

ಆಮೇಲೆ ಓದಿದ್ದು: ಇಂಥದ್ದೇ ಸಣ್ಣ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಕೂತು ನೋಡಿದ್ದಾರೆ. ರೋಪಲಿಡಿಯಾ ಮಾರ್ಜಿನೇಟಾ ಅಂತ ಅದರ ಹೆಸರು. ಒಂದೊಂದರ ಮೈಮೇಲೂ ಬಣ್ಣದ ಚುಕ್ಕೆ ಇಟ್ಟು ಯಾವುದು ಏನು ಮಾಡುತ್ತದೆ ಅಂತ ಬರೆದುಕೊಳ್ಳುವುದಂತೆ. ಆ ಗೂಡಿನ ರಾಣಿ ಬಲು ಸಾಧು, ಯಾರನ್ನೂ ಗದರುವುದಿಲ್ಲ. ರಾಣಿಯನ್ನು ತೆಗೆದುಬಿಟ್ಟರೆ ಮಾತ್ರ ಉಳಿದವರಲ್ಲಿ ಒಬ್ಬಳು ತಕ್ಷಣ ಎಲ್ಲರ ಮೇಲೂ ಏರಿ ಹೋಗುತ್ತಾಳೆ. ಅವಳೇ ಮುಂದಿನ ರಾಣಿ. ಮೊಟ್ಟೆ ಇಡಲು ಶುರು ಮಾಡಿ ಪಟ್ಟ ಗಟ್ಟಿಯಾದ ಮೇಲೆ ಅವಳೂ ಸಾಧು. ಅತ್ತೆಗೆ ಓದಿ ಹೇಳಿದೆ. "ಇದಕ್ಕೆ ಬೆಂಗಳೂರಿಗೆ ಯಾಕೆ ಹೋಗಬೇಕು, ನಮ್ಮ ಕೂಡುಮನೆಗೆ ಬಂದಿದ್ದರೆ ಸಾಕಿತ್ತು" ಅಂದರು.

ಕುಂಬಾರ ಹುಳ ಇನ್ನೊಂದು ಥರ. ಅದು ಗುಂಪಿನದಲ್ಲ, ಒಂಟಿ. ಬಚ್ಚಲಿನ ಹೊರಗಿನ ಕೆಸರನ್ನು ಉಂಡೆ ಮಾಡಿ ತಂದು ಪ್ಲಗ್ಗಿನ ತೂತು, ಬೀಗದ ತೂತು, ದೇವರ ಫೋಟೋದ ಹಿಂದೆ ಎಲ್ಲಾ ಮಣ್ಣು ಮೆತ್ತುತ್ತದೆ. ಭ್ರಮರ ಕೀಟವನ್ನು ತಂದಿಟ್ಟು ಝೇಂಕಾರ ಮಾಡಿ ಮಾಡಿ ತನ್ನಂತೆಯೇ ಮಾಡಿಕೊಳ್ಳುತ್ತದೆ ಅಂತ ಗುರು ಶಿಷ್ಯರಿಗೆ ಹೋಲಿಸಿ ಹಿರಿಯರು ಹೇಳುತ್ತಿದ್ದರಲ್ಲ, ಆ ಭ್ರಮರ ಕೀಟ ನ್ಯಾಯ ಇದರಿಂದಲೇ ಬಂದಿದ್ದು ಅಂತ ನನಗೆ ಅನುಮಾನ. ಒಂದು ಮಣ್ಣಿನ ಗೂಡನ್ನು ಒಡೆದು ನೋಡಿದೆ. ಒಳಗೆ ಒತ್ತೊತ್ತಾಗಿ ಜೇಡಗಳು, ಹನ್ನೊಂದು ಇದ್ದವು. ಸತ್ತಿರಲಿಲ್ಲ, ಕಾಲು ಸಣ್ಣಗೆ ಅದುರುತ್ತಿತ್ತು. ಚುಚ್ಚಿ ಮರಗಟ್ಟಿಸಿ ಮರಿಗೆ ಬುತ್ತಿ ಇಟ್ಟು ಹೋಗಿದೆ! ಗುರು ಶಿಷ್ಯರ ಉಪಮೆಗೆ ಇದನ್ನು ತಂದವರು ಗೂಡು ಒಡೆದು ನೋಡಿರಲಿಲ್ಲ ಅನಿಸುತ್ತದೆ.

ಇಷ್ಟೆಲ್ಲ ಹೇಳಿದೆ ಅಂತ ಕಣಜವನ್ನು ಮುದ್ದು ಮಾಡಲು ಹೋಗಬೇಡಿ. ಮೂರು ವರ್ಷದ ಹಿಂದೆ ನಮ್ಮನೆಯವರು ತೋಟದಲ್ಲಿ ಮಿಷನ್ನಿನಲ್ಲಿ ಕಳೆ ಕೊಚ್ಚುತ್ತಿದ್ದರು. ಕಾಲುವೆ ಬದುವಿನ ಒಂದು ಬಿಲದಲ್ಲಿ ದೊಡ್ಡ ಕಣಜದ ಗೂಡಿತ್ತು. ಕರಿ ಮೈ, ಹೊಟ್ಟೆಗೆ ಅಗಲವಾದ ಒಂದೇ ಹಳದಿ ಪಟ್ಟಿ, ಅದು. ಮಿಷನ್ನಿನ ಸದ್ದಿಗೆ ಅವು ಎದ್ದಿದ್ದು ಇವರಿಗೆ ಗೊತ್ತೇ ಆಗಿಲ್ಲ. ಜೇನು ಒಂದು ಸಲ ಚುಚ್ಚಿದರೆ ಮುಳ್ಳು ಅಲ್ಲೇ ಬಿಟ್ಟು ಸಾಯುತ್ತದೆ. ಕಣಜ ಹಾಗಲ್ಲ, ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು. ಏಳು ಕಡೆ ಚುಚ್ಚಿದ್ದವು. ನಾನು ಸುಣ್ಣ ಹಚ್ಚಿದೆ, ಅತ್ತೆ ಈರುಳ್ಳಿ ತಿಕ್ಕಿದರು. ಹತ್ತು ನಿಮಿಷಕ್ಕೆ ಮೈ ತುಂಬ ದದ್ದು, ತುಟಿ ಊತ, ಉಸಿರು ಸುಯ್ ಸುಯ್. ಜೀಪಿನಲ್ಲಿ ಸಾಗರಕ್ಕೆ ಹಾರಿಸಿಕೊಂಡು ಹೋದೆವು. ಇಂಜೆಕ್ಷನ್ ಕೊಟ್ಟ ಮೇಲೆ ಇಳಿಯಿತು. "ಸುಣ್ಣ ಹಚ್ಚುತ್ತಾ ಕೂತಿದ್ದರೆ ಕಷ್ಟವಿತ್ತು" ಅಂತ ಡಾಕ್ಟರು ನನ್ನ ಮುಖ ನೋಡಿಕೊಂಡೇ ಹೇಳಿದರು.

ಅವತ್ತಿನಿಂದ ನಮ್ಮನೆಯಲ್ಲಿ ಅಳತೆ ಬಂತು. ಕೈಯಲ್ಲಿ ಕತ್ತಿ, ಗುದ್ದಲಿ, ಮಿಷನ್ ಇದ್ದರೆ ಗೂಡಿಗೂ ನಮಗೂ ಎರಡು ಮಾರು ದೂರ. ಬರೀ ಕೈಯಲ್ಲಿ ನಡೆದು ಹೋಗುವವರಿಗೆ ಸಣ್ಣ ಕಣಜವಾದರೆ ಒಂದು ಮೊಳ ಸಾಕು. ಮದ್ದು ಹೊಡೆಯಲು, ಅಡಿಕೆ ಕೊನೆ ಕೊಯ್ಯಲು ಜನ ಬರುವ ಹಿಂದಿನ ದಿನ ಇವರು ತೋಟವೆಲ್ಲ ಸುತ್ತಿ, ಗೂಡಿರುವ ಮರಕ್ಕೆ ಕೆಂಪು ಬಟ್ಟೆ ಕಟ್ಟಿ ಬರುತ್ತಾರೆ. ಮರದ ತುದಿಯಲ್ಲಿದ್ದವನಿಗೆ ಓಡಲು ಜಾಗ ಎಲ್ಲಿದೆ?

ಉಳಿದವರಿಗೂ ಹೀಗೇ ಅಳತೆ ಹುಡುಕಿದ್ದೇವೆ. ಎಲ್ಲರ ಹತ್ತಿರವೂ ನಡೆದಿಲ್ಲ. ಹಂದಿಗೆ ಹಳೇ ಸೀರೆಯ ಬೇಲಿ ಕಟ್ಟಿದೆ, ನನ್ನ ಮದುವೆಯ ಕಾಲದ್ದೂ ಸೇರಿ ಹದಿನಾಲ್ಕು ಸೀರೆ. ಒಂದು ವರ್ಷ ಹೆದರಿದವು. ಎರಡನೇ ವರ್ಷ ನೈಲಾನ್ ಸೀರೆಯ ಅಡಿಯಲ್ಲಿ ನುಸುಳಿ ಸುವರ್ಣಗೆಡ್ಡೆಯ ಸಾಲು ಪೂರ್ತಿ ಉತ್ತು ಹಾಕಿದವು. ಈಗ ಅಗಳ ತೋಡಿಸಿ ಸೋಲಾರ್ ಬೇಲಿ ಎಳೆದಿದ್ದೇವೆ. ಅದಾದ ಮೇಲೆ ಮುಳ್ಳುಹಂದಿ ಮಾತ್ರ ಹೇಗೋ ಬರುತ್ತದೆ, ಕೆಸುವಿನ ಗೆಡ್ಡೆಗೆ. ಬರಲಿ, ಕೆಸು ಜಾಸ್ತಿಯೇ ಇದೆ. ನವಿಲನ್ನು ನಾನು ಚಿಕ್ಕವಳಿದ್ದಾಗ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದು. ಈಗ ಅಲಸಂದೆ ಮೊಳಕೆಯನ್ನು ಸಾಲು ಹಿಡಿದು ಕುಕ್ಕುತ್ತದೆ. ಬೀಜ ಹಾಕಿದ ಮೇಲೆ ಎರಡು ವಾರ ಮಡಿ ಮೇಲೆ ಮುಳ್ಳು ಹೊದಿಸುವುದು, ಅದೊಂದೇ ದಾರಿ.

ಮಂಗನ ಹತ್ತಿರ ನನಗೆ ರಾಜಿ ಇಲ್ಲ. ಎಳೆ ಅಡಿಕೆ ಚೀಪಿ ಎಸೆಯುವುದು, ಬಾಳೆಯ ಹೂವು ಮುರಿಯುವುದು, ಹಂಚು ಜಾರಿಸುವುದು. ಆದರೆ ಒಂದು ಮಂಗ ಸತ್ತು ಬಿದ್ದರೆ ಮಾತ್ರ ಊರೇ ತಣ್ಣಗಾಗುತ್ತದೆ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಕೊನೆಗೆ ನಮ್ಮದೇ ತಾಲೂಕಿನ ಅರಳಗೋಡು ಸುತ್ತ ಮತ್ತೆ ಎದ್ದಾಗ ನಾವು ಇಡೀ ಬೇಸಿಗೆ ಬೆಟ್ಟಕ್ಕೆ ದರಕು, ಅಂದರೆ ಉದುರಿದ ಒಣ ಎಲೆ, ತರಲು ಹೋಗಲಿಲ್ಲ. ಹರಡುವುದು ಉಣುಗು. ಸತ್ತ ಮಂಗನ ಮೈಯಿಂದ ಅವು ಕೆಳಗೆ ಉದುರುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ಫೋನ್ ಮಾಡುವುದು. ಈಗಲೂ ಚಳಿಗಾಲ ಹಿಡಿದು ಮಳೆ ಬೀಳುವವರೆಗೆ ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚುತ್ತೇವೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಅದೇ ಬಚ್ಚಲುಮನೆ, ಅದೇ ಗೂಡಿನ ಕೆಳಗೆ.

ಗೂಡಿನ ಕೆಳಗೆ ಅಂದೆ, ಈಗ ಅದು ಖಾಲಿ. ಹೋದ ವಾರ ದೊಡ್ಡ ಕಣಜ ಒಂದೇ ಒಂದು ಬಂತು. ನನ್ನ ಸಣ್ಣ ಕಣಜಗಳು ಜಗಳಕ್ಕೇ ನಿಲ್ಲಲಿಲ್ಲ, ಎಲ್ಲವೂ ಹಾರಿ ಪಕ್ಕದ ನಿಂಬೆಗಿಡದ ಎಲೆ ಮೇಲೆ ಗುಂಪಾಗಿ ಕೂತವು. ಅದು ಕೋಣೆ ಕೋಣೆಗೂ ಬಾಯಿ ಹಾಕಿ ಮರಿಗಳನ್ನು ಎಳೆದು ಅಗಿದು ಹೊತ್ತುಕೊಂಡು ಹೋಯಿತು. ಮತ್ತೆ ಬಂತು. ಪೊರಕೆ ಎತ್ತೋಣ ಅನಿಸಿತು. ಹರಿವೆ ಹುಳದ ಪರವಾಗಿ ನಾನು ಯಾವತ್ತೂ ಪೊರಕೆ ಎತ್ತಿರಲಿಲ್ಲ ಅಲ್ವಾ? ಸುಮ್ನೆ ಒಳಗೆ ಬಂದೆ.

ನಾಲ್ಕೇ ದಿನಕ್ಕೆ ಹೊಸ ತೊಟ್ಟು ಕಂಡಿತು, ಜಗಲಿಯ ಕರೆಂಟ್ ಮೀಟರಿನ ನೆತ್ತಿಯ ಮೇಲೆ. ಬಿಲ್ ಕೊಡಲು ಬರುವವರಿಗೆ ತಿಳಿಯಲಿ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: "ಕಣಜ ಇದೆ, ಜೋಪಾನ." ಬಂದವನು ಹೊಸ ಹುಡುಗ, ಗದಗ ಕಡೆಯವನು. ಓದಿ ಜಗಲಿಯ ಆ ತುದಿ ಈ ತುದಿ ನೋಡಿದ.

"ಅಮ್ಮಾರ, ಕಣಜ ಎಲ್ಲೈತ್ರಿ? ನಮ್ಮ ಕಡೆ ಕಣಜ ಅಂದ್ರ ಜ್ವಾಳ ತುಂಬೂದ್ರಿ."

"ಸ್ವಲ್ಪ ಮೇಲೆ ನೋಡಪ್ಪ" ಅಂದೆ.

ನೋಡಿದ. ಮೆಟ್ಟಿಲು ಇಳಿದು ಅಂಗಳಕ್ಕೆ ಹೋಗಿ, ಅಲ್ಲಿಂದ ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ರೀಡಿಂಗ್ ಬರೆದುಕೊಂಡ. ಬಿಲ್ಲು ಸರಿಯಾಗಿಯೇ ಬಂದಿದೆ.